ಟೆಂಡರಿನಲ್ಲಿ ‘ಮೀಸಲು’ ಎಂದರೆ ರಿಯಾಯಿತಿಯಲ್ಲ

ಸರ್ಕಾರಿ ಕಾಮಗಾರಿಗಳ ವಿಷಯ ಬಂದಾಗಲೆಲ್ಲ ‘ಪರಿಶಿಷ್ಟ ಗುತ್ತಿಗೆದಾರರಿಗೆ ಟೆಂಡರಿನಲ್ಲಿ ರಿಯಾಯಿತಿ’ ಎಂಬ ಮಾತು ಹಾಸನದ ಸಭೆಗಳಲ್ಲೂ ಪತ್ರಿಕಾ ಹೇಳಿಕೆಗಳಲ್ಲೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕಾಯ್ದೆಯಲ್ಲಿರುವುದು ಮೀಸಲಾತಿ. ಅದನ್ನು ರಿಯಾಯಿತಿ ಎಂದು ಕರೆದ ಕೂಡಲೇ, ಪೈಪೋಟಿಯಿಲ್ಲದೆ ಅಥವಾ ಹೆಚ್ಚಿನ ದರಕ್ಕೆ ಕೆಲಸ ಒಪ್ಪಿಸುತ್ತಾರೆಂಬ ತಪ್ಪು ತಿಳಿವಳಿಕೆ ಹುಟ್ಟಿಕೊಳ್ಳುತ್ತದೆ.

‘ಮೀಸಲು’ ಅಚ್ಚಗನ್ನಡದ ಹಳೆಯ ಪದ. ಬೇರೆ ಯಾರೂ ಮುಟ್ಟುವ ಮೊದಲೇ ದೇವರಿಗೆಂದು ತೆಗೆದಿರಿಸಿದ್ದು ಮೀಸಲು. ಕರು ಹಾಕಿದ ಹಸುವಿನ ಹಾಲನ್ನಾಗಲಿ ಹೊಸ ಬೆಳೆಯ ಧಾನ್ಯವನ್ನಾಗಲಿ ಮನೆಯವರು ಬಳಸುವ ಮುನ್ನ ಮೀಸಲು ತೆಗೆಯುವ ರೂಢಿಯಿಂದ ಈ ಪದದ ಅರ್ಥ ಗಟ್ಟಿಯಾಗಿದೆ. ಹಾಗೆ ತೆಗೆದಿಟ್ಟದ್ದರಿಂದ ಹಾಲಿನ ಗುಣವೂ ಧಾನ್ಯದ ಬೆಲೆಯೂ ತಗ್ಗುವುದಿಲ್ಲ. ಅದು ಯಾರ ಪಾಲು ಎಂಬುದಷ್ಟೇ ಮೊದಲೇ ಗೊತ್ತಾಗಿರುತ್ತದೆ. ‘ರಿಯಾಯಿತಿ’ಯಾದರೋ ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ಹಾದಿಯಲ್ಲಿ ನಮ್ಮ ಕಚೇರಿಗಳಿಗೆ ಬಂದ ಪದ. ಕೊಡಬೇಕಾದದ್ದರಲ್ಲಿ ಕನಿಕರದಿಂದ ಬಿಟ್ಟ ಭಾಗವನ್ನು ಅದು ಸೂಚಿಸುತ್ತದೆ. ಹಕ್ಕಿನ ಪಾಲನ್ನು ಕನಿಕರದ ಹೆಸರಿನಿಂದ ಕರೆಯುವುದು ಸಣ್ಣ ತಪ್ಪಲ್ಲ.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಆದ ತಿದ್ದುಪಡಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95ರಷ್ಟು ಕಾಮಗಾರಿಗಳನ್ನು ಮೀಸಲಿಡಲಾಯಿತು. ಹಿಂದುಳಿದ ವರ್ಗಗಳ ಪ್ರವರ್ಗ 1 ಮತ್ತು 2ಎ ಆಮೇಲೆ ಸೇರಿದವು. ಮೊದಲು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಿಗೆ ಮಾತ್ರ ಇದ್ದ ಈ ಮೀಸಲಿನ ಮಿತಿಯನ್ನು 2023ರಲ್ಲಿ 1 ಕೋಟಿಗೆ ಏರಿಸಲಾಯಿತು. ಬೇಲೂರಿನ ಒಂದು ಶಾಲಾ ಕಾಂಪೌಂಡಿನ ಕೆಲಸ ಪರಿಶಿಷ್ಟ ಜಾತಿಗೆ ಮೀಸಲಾಯಿತೆನ್ನಿ. ಆಗಲೂ ಟೆಂಡರ್ ಕರೆಯಲೇಬೇಕು, ಆ ವರ್ಗದ ಅರ್ಹ ಗುತ್ತಿಗೆದಾರರು ತಮ್ಮತಮ್ಮಲ್ಲೇ ಪೈಪೋಟಿ ನಡೆಸಲೇಬೇಕು, ಗುಣಮಟ್ಟದ ಪರೀಕ್ಷೆ ಎಲ್ಲರಿಗಿರುವಂತೆಯೇ ಇರುತ್ತದೆ. ಇದರಲ್ಲಿ ರಿಯಾಯಿತಿ ಎಲ್ಲಿದೆ?

ಸರಕು ಮತ್ತು ಸೇವೆಗಳ ಖರೀದಿಗೆ ಸಂಬಂಧಿಸಿದ ಕೇಂದ್ರ ಸರ್ಕಾರದ 2012ರ ಆದೇಶದಲ್ಲಿ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗಿರುವ ‘ಆದ್ಯತೆ’ಯೂ ಇದೇ ರೀತಿ ತಪ್ಪಾಗಿ ಬಳಕೆಯಾಗುತ್ತಿದೆ. ಬೆಂಚುಗಳಿಗೆ ದೊಡ್ಡ ಕಂಪನಿಯೊಂದು 100 ರೂಪಾಯಿಯ ಕನಿಷ್ಠ ದರ ಬರೆದು, ಹಾಸನದ ಸಣ್ಣ ಘಟಕ 112 ಬರೆದಿದ್ದರೆ, ವ್ಯತ್ಯಾಸ ಶೇ 15ರೊಳಗಿರುವ ಕಾರಣ, 100ಕ್ಕೇ ಇಳಿಯಲು ಒಪ್ಪಿದ ಆ ಘಟಕಕ್ಕೆ ಬೇಡಿಕೆಯ ಒಂದು ಭಾಗವನ್ನು ಕೊಡಲಾಗುತ್ತದೆ. ಸರ್ಕಾರ ಒಂದು ರೂಪಾಯಿಯನ್ನೂ ಹೆಚ್ಚಿಗೆ ತೆರುವುದಿಲ್ಲ. ಅದೇ ನೀತಿಯಲ್ಲಿ ಇಎಂಡಿಗೆ, ಅಂದರೆ ಟೆಂಡರ್ ಹಾಕುವಾಗ ಇಡಬೇಕಾದ ಠೇವಣಿಗೆ, ಸಿಗುವ ವಿನಾಯಿತಿಯನ್ನು ಬೇಕಾದರೆ ರಿಯಾಯಿತಿ ಎನ್ನಬಹುದು. ಸರಕು ಒದಗಿಸಿದ ಸಣ್ಣ ಉದ್ದಿಮೆಗೆ ಗರಿಷ್ಠ 45 ದಿನಗಳಲ್ಲಿ ಹಣ ಸಲ್ಲಬೇಕೆಂಬ 2006ರ ಸಣ್ಣ ಉದ್ದಿಮೆಗಳ ಅಭಿವೃದ್ಧಿ (ಎಂಎಸ್‌ಎಂಇ) ಕಾಯ್ದೆಯ ನಿಯಮ ಮಾತ್ರ ಶುದ್ಧ ಹಕ್ಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ.

‘ಪ್ಯಾಕೇಜ್’ ಎಂಬ ಪದದ ಅರ್ಥ ತಿಳಿಯದೆ ಮೀಸಲಿನ ಅರ್ಥ ಪೂರ್ಣವಾಗುವುದಿಲ್ಲ. ತಲಾ 20 ಲಕ್ಷದ ಆರು ಚರಂಡಿ ಕೆಲಸಗಳನ್ನು ಕೂಡಿಸಿ 1 ಕೋಟಿ 20 ಲಕ್ಷದ ಒಂದೇ ಟೆಂಡರ್ ಮಾಡಿದರೆ, ಕಾಯ್ದೆಯ ಒಂದು ಅಕ್ಷರವನ್ನೂ ತಿದ್ದದೆ ಆರೂ ಕೆಲಸಗಳು 1 ಕೋಟಿಯ ಮಿತಿಯಾಚೆ ಹೋಗುತ್ತವೆ. ಸಣ್ಣ ಗುತ್ತಿಗೆದಾರರ ಸಂಘಗಳು ಪ್ಯಾಕೇಜ್ ಟೆಂಡರನ್ನು ವಿರೋಧಿಸುತ್ತಿರುವುದು ಈ ಕಾರಣಕ್ಕೆ. ಆ ಬೇಡಿಕೆಯನ್ನೂ ‘ರಿಯಾಯಿತಿಗಾಗಿ ಒತ್ತಾಯ’ ಎಂದು ವರದಿ ಮಾಡುವವರಿದ್ದಾರೆ.