ಪೆನ್‌ಡ್ರೈವ್‌ನಿಂದ ಲಿನಕ್ಸ್ ಏಳದ ನೆಟ್‌ಬುಕ್: ತಡೆ ಎಲ್ಲಿದೆ ಎಂದು ಹುಡುಕುವ ಬಗೆ

2007ರ ಕೊನೆಯಲ್ಲಿ ಆಸುಸ್ ಸಂಸ್ಥೆಯ ಏಳು ಇಂಚು ಪರದೆಯ ಈ-ಪಿಸಿ 701 ಮಾರುಕಟ್ಟೆಗೆ ಬಂದಾಗ ಅದರೊಳಗೆ ಇದ್ದದ್ದು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್. ಅದರ ಬೆನ್ನಿಗೇ ಬಂದ ನೆಟ್‌ಬುಕ್ ಎಂಬ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಇಂಟೆಲ್‌ನ ಆಟಮ್ ಪ್ರೊಸೆಸರ್, ಒಂದು ಜಿಬಿ ಮೆಮೊರಿ ಮತ್ತು ವಿಂಡೋಸ್ ಎಕ್ಸ್‌ಪಿಯೊಂದಿಗೆ ಮಾರಾಟವಾದವು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2014ರ ಏಪ್ರಿಲ್ 8ರಂದು ನಿಂತಿತು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳ ಕಡೆ, ಮಕ್ಕಳು ಮೈಸೂರಿಗೋ ಬೆಂಗಳೂರಿಗೋ ಓದಲು ಹೋಗುವಾಗ ಕೊಂಡು, ಅವರ ಓದು ಮುಗಿದ ಮೇಲೆ ಬೀರುವಿನ ಮೂಲೆ ಸೇರಿದ ಇಂಥ ಯಂತ್ರಗಳು ಇಂದಿಗೂ ಕಾಣಸಿಗುತ್ತವೆ. ತೋಟದ ಕೆಲಸಗಾರರ ವಾರದ ಬಟವಾಡೆಯ ಲೆಕ್ಕವಿಡಲು, ಅರ್ಜಿಯೊಂದನ್ನು ಟೈಪ್ ಮಾಡಲು, ಮಕ್ಕಳಿಗೆ ಪ್ರೋಗ್ರಾಮಿಂಗ್‌ನ ಮೊದಲ ಪಾಠ ಹೇಳಿಕೊಡಲು ಅವು ಈಗಲೂ ಸಾಕು. ಇಷ್ಟು ಕೆಲಸಕ್ಕೆ ಬರುವ ವಸ್ತುವನ್ನು ಗುಜರಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಆದರೆ ನೆಟ್‌ಬುಕ್‌ಗಳಿಗೆ ಸಿಡಿ ಡ್ರೈವ್ ಇಲ್ಲ. ಹೊಸ ಲಿನಕ್ಸ್ ಒಳಗೆ ಬರಬೇಕಾದರೆ ಯುಎಸ್‌ಬಿ ಪೋರ್ಟಿನ ಮೂಲಕವೇ ಬರಬೇಕು, ಬಹಳಷ್ಟು ಮಂದಿಯ ಪ್ರಯತ್ನ ನಿಂತುಹೋಗುವುದೂ ಅಲ್ಲಿಯೇ.

ಪೆನ್‌ಡ್ರೈವ್ ಹಾಕಿದೆ, ಬೂಟ್ ಆಗುತ್ತಿಲ್ಲ (ಅಂದರೆ ಯಂತ್ರ ಅದರಿಂದ ಏಳುತ್ತಿಲ್ಲ) ಎಂದು ಹೇಳುವವರೆಲ್ಲರೂ ಒಂದೇ ತೊಂದರೆಯನ್ನು ಹೇಳುತ್ತಿರುವುದಿಲ್ಲ. ಪವರ್ ಗುಂಡಿ ಒತ್ತಿದಲ್ಲಿಂದ ಲಿನಕ್ಸಿನ ಪರದೆ ಮೂಡುವವರೆಗೆ ಕೆಲಸವು ಹಲವು ಕೈ ದಾಟಿ ಸಾಗುತ್ತದೆ, ಮತ್ತು ಪ್ರತಿಯೊಂದು ಕೈ ಬದಲಾಗುವಲ್ಲಿಯೂ ನಿಂತುಹೋಗುವ ಸಾಧ್ಯತೆಯಿದೆ. ರೊಬಸ್ಟಾ ಹೂವಿಗೆಂದು ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಹೂಡಿದಾಗ ಜೆಟ್ ತಿರುಗದಿದ್ದರೆ ತೋಟದವರು ಪಂಪಿನಿಂದ ಹೊರಟು, ಪೈಪಿನ ಒಂದೊಂದು ಜೋಡಣೆಯನ್ನೂ ನೋಡುತ್ತಾ, ನೀರು ಎಲ್ಲಿಯವರೆಗೆ ಬಂದಿದೆ ಎಂದು ಪತ್ತೆಹಚ್ಚುತ್ತಾರಲ್ಲವೇ, ಇಲ್ಲಿ ಮಾಡಬೇಕಾದದ್ದೂ ಅದನ್ನೇ. ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಹೇಳುವುದು ಪರದೆಯ ಮೇಲೆ ಕೊನೆಗೆ ಮೂಡಿ ನಿಂತ ಸಾಲು. ಅದನ್ನು ಓದದೆ ಒಂದಾದ ಮೇಲೊಂದು ಲಿನಕ್ಸ್ ಇಳಿಸಿಕೊಂಡು ಪರೀಕ್ಷಿಸುವುದರಲ್ಲಿ ಡೇಟಾ ಖರ್ಚಾಗುತ್ತದೆಯೇ ಹೊರತು ಕಾರಣ ತಿಳಿಯುವುದಿಲ್ಲ. ಸಾಲು ಬೇಗನೆ ಮಾಯವಾಗುವಂತಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ನಿಧಾನವಾಗಿ ನೋಡಬಹುದು.

ಎಲ್ಲಕ್ಕೂ ಮೊದಲು ಅದೇ ಪೆನ್‌ಡ್ರೈವನ್ನು ಮನೆಯ ಅಥವಾ ಪಕ್ಕದ ಮನೆಯ ಇನ್ನೊಂದು ಕಂಪ್ಯೂಟರಿಗೆ ಹಾಕಿ ಆನ್ ಮಾಡಿ ನೋಡುವುದು ಒಳ್ಳೆಯದು. ಅಲ್ಲಿ ಲಿನಕ್ಸ್ ಎದ್ದರೆ ಪೆನ್‌ಡ್ರೈವ್ ಬಹುಮಟ್ಟಿಗೆ ಸರಿಯಿದೆ, ಹುಡುಕಬೇಕಾದದ್ದು ನೆಟ್‌ಬುಕ್‌ನಲ್ಲಿ. ಅಲ್ಲಿಯೂ ಏಳದಿದ್ದರೆ ನೆಟ್‌ಬುಕ್‌ನ ಸೆಟ್ಟಿಂಗ್‌ಗಳನ್ನು ಕೆದಕುವ ಅಗತ್ಯ ಸದ್ಯಕ್ಕಿಲ್ಲ.

ಮೊದಲ ಕೈ ಬಯೋಸ್‌ನದು. ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುವ ಈ ಪುಟ್ಟ ತಂತ್ರಾಂಶವು ಮೆಮೊರಿ, ಕೀಲಿಮಣೆ, ಡಿಸ್ಕ್‌ಗಳನ್ನು ತಪಾಸಿಸಿ, ತನಗೆ ಹೇಳಿಕೊಟ್ಟ ಕ್ರಮದಲ್ಲಿ ಒಂದೊಂದು ಡಿಸ್ಕಿನ ಬಳಿಗೂ ಹೋಗುತ್ತದೆ. ಅಲ್ಲಿ ಅದು ಕಡತಗಳನ್ನು ನೋಡುವುದಿಲ್ಲ, ಫೋಲ್ಡರ್‌ಗಳೆಂದರೆ ಏನೆಂಬುದೂ ಅದಕ್ಕೆ ತಿಳಿಯದು. ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು ಓದಿ ಮೆಮೊರಿಯ 31,744ನೇ ವಿಳಾಸಕ್ಕೆ ತಂದಿಡುತ್ತದೆ, ಅಷ್ಟೆ. ಆ 512ರಲ್ಲಿ 446 ಬೈಟ್ ಮುಂದಿನ ಹೆಜ್ಜೆಯ ಆದೇಶಗಳಿಗೆ, 64 ಬೈಟ್ ಡಿಸ್ಕನ್ನು ಹೇಗೆ ಪಾಲು ಮಾಡಲಾಗಿದೆ ಎಂಬ ಪಟ್ಟಿಗೆ, ಉಳಿದ 2 ಬೈಟ್ ಗುರುತಿಗೆ. ಆ ಗುರುತಿನ ಬೈಟ್‌ಗಳ ಬೆಲೆ 85 ಮತ್ತು 170. ದ್ವಿಮಾನದಲ್ಲಿ ಬರೆದರೆ 01010101 ಮತ್ತು 10101010, ಅಂದರೆ ಒಂದರ ಬಿಟ್‌ಗಳನ್ನು ಅದಲುಬದಲು ಮಾಡಿದರೆ ಇನ್ನೊಂದು. ಸಾಮಾನ್ಯವಾಗಿ ಈ ಗುರುತು ಇಲ್ಲದ ಡಿಸ್ಕನ್ನು ಬಯೋಸ್ ಬಿಟ್ಟು ಮುಂದೆ ಹೋಗುತ್ತದೆ. ಹೀಗೆ ಯಾವ ಡಿಸ್ಕಿನಲ್ಲಿಯೂ ಸಿಗದಿದ್ದಾಗ ಮೂಡುವುದೇ ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್ ಎಂಬ ಸಾಲು.

ಇಷ್ಟು ತಿಳಿದರೆ ಅತಿ ಸಾಮಾನ್ಯ ತೊಂದರೆಯೊಂದು ತಾನೇ ಅರ್ಥವಾಗುತ್ತದೆ. ಇಳಿಸಿಕೊಂಡ ಐಎಸ್ಒ ಕಡತವನ್ನು (ಇಡೀ ಲಿನಕ್ಸ್ ಅಡಕವಾಗಿರುವ ಒಂದೇ ಕಡತವನ್ನು) ಹಾಡು, ಫೋಟೊಗಳಂತೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಅದು ಎಲ್ಲೋ ನಡುವೆ ಒಂದು ಕಡತವಾಗಿ ಕೂರುತ್ತದೆ, ಮೊದಲ 512 ಬೈಟ್ ಮೊದಲಿದ್ದಂತೆಯೇ ಉಳಿಯುತ್ತದೆ. ಕಾಪಿ ಮಾಡುವುದು ಬೇರೆ, ಬರೆಯುವುದು ಬೇರೆ. ಐಎಸ್ಒ ಮೂಲತಃ ಸಿಡಿಗಾಗಿ ರೂಪಿಸಿದ ವಿನ್ಯಾಸ. ಆ ವಿನ್ಯಾಸದಲ್ಲಿ ಆರಂಭದ 32 ಕಿಲೊಬೈಟ್ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಈಗಿನ ಲಿನಕ್ಸ್ ತಯಾರಕರು ಅದೇ ಖಾಲಿ ಜಾಗದಲ್ಲಿ ಹಾರ್ಡ್ ಡಿಸ್ಕಿಗೆ ಬೇಕಾದ 512 ಬೈಟ್‌ಗಳನ್ನು ಕೂರಿಸಿ, ಒಂದೇ ಕಡತವು ಸಿಡಿಯಾಗಿಯೂ ಪೆನ್‌ಡ್ರೈವ್ ಆಗಿಯೂ ಬೂಟ್ ಆಗುವಂತೆ ಮಾಡಿದ್ದಾರೆ. ಬಹಳ ಜಾಣತನದ ಉಪಾಯವಿದು. ಆದರೆ ಅದು ಫಲಿಸಬೇಕಾದರೆ ಕಡತದ ಮೊದಲ ಬೈಟು ಪೆನ್‌ಡ್ರೈವ್‌ನ ಮೊದಲ ಬೈಟಿನ ಮೇಲೆಯೇ ಬೀಳಬೇಕು. ಲಿನಕ್ಸಿನಲ್ಲಿ ಡಿಡಿ ಆದೇಶ, ವಿಂಡೋಸಿನಲ್ಲಿ ರೂಫಸ್ ಎಂಬ ತಂತ್ರಾಂಶದ ಡಿಡಿ ವಿಧಾನ ಮಾಡುವುದು ಇದನ್ನೇ. ಡಿಡಿ ಬಳಸುವವರು ಎಂಟರ್ ಒತ್ತುವ ಮುನ್ನ ಡಿಸ್ಕಿನ ಹೆಸರನ್ನೂ ಗಾತ್ರವನ್ನೂ ಮತ್ತೊಮ್ಮೆ ನೋಡಲೇಬೇಕು, ಏಕೆಂದರೆ ಅದು ಏನನ್ನೂ ಕೇಳದೆ ಹೇಳಿದ ಡಿಸ್ಕಿನ ಮೇಲೆ ಬರೆದುಬಿಡುತ್ತದೆ.

ಕಡತವೇ ಅರೆಬರೆಯಾಗಿರುವುದು ಇನ್ನೊಂದು ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರೂ ಸುಮ್ಮನಾಗುತ್ತದೆ. ಅಂಥ ದಿನಗಳಲ್ಲಿ ತುಂಡುತುಂಡಾಗಿ ಇಳಿದ ದೊಡ್ಡ ಕಡತವನ್ನು ನಂಬುವ ಮೊದಲು ಅದರ ಎಸ್ಎಚ್ಎ-256 ಮೊತ್ತವನ್ನು ಲೆಕ್ಕ ಹಾಕಿಸಿ, ತಯಾರಕರ ತಾಣದಲ್ಲಿ ಕೊಟ್ಟ 64 ಅಕ್ಷರಗಳೊಂದಿಗೆ ಹೋಲಿಸಬೇಕು. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾಗಿದ್ದರೂ ಈ ಮೊತ್ತ ಗುರುತು ಸಿಗದಷ್ಟು ಬೇರೆಯಾಗುತ್ತದೆ, ಆದ್ದರಿಂದ ಸರಿಯಿದೆಯೇ ಇಲ್ಲವೇ ಎಂಬುದಕ್ಕೆ ನಿಸ್ಸಂದೇಹವಾದ ಉತ್ತರ ಸಿಗುತ್ತದೆ.

ಪೆನ್‌ಡ್ರೈವ್ ಸರಿಯಿದ್ದೂ ನೆಟ್‌ಬುಕ್ ಅದರ ಕಡೆ ನೋಡದಿದ್ದರೆ ಬೂಟ್ ಕ್ರಮವನ್ನು ಬದಲಿಸಬೇಕು. ಆನ್ ಆಗುವಾಗ ಕೆಲವದರಲ್ಲಿ ಎಸ್ಕೇಪ್, ಕೆಲವದರಲ್ಲಿ ಎಫ್ 12 ಒತ್ತಿದರೆ ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಬಾರದಿದ್ದರೆ ಎಫ್ 2 ಒತ್ತಿ ಬಯೋಸ್ ಒಳಗೆ ಹೋಗಬೇಕಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ಹಲವು ಹಳೆಯ ಬಯೋಸ್‌ಗಳು ಪೆನ್‌ಡ್ರೈವನ್ನು ಹಾರ್ಡ್ ಡಿಸ್ಕ್ ಎಂದೇ ಪರಿಗಣಿಸುತ್ತವೆ. ಆದ್ದರಿಂದ ಅದು ಮುಖ್ಯ ಪಟ್ಟಿಯಲ್ಲಿ ಕಾಣದೆ, ಹಾರ್ಡ್ ಡಿಸ್ಕ್‌ಗಳ ಒಳಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿ ಇರುತ್ತದೆ, ಮತ್ತು ಅದನ್ನು ಅಲ್ಲಿಂದ ಮೇಲಕ್ಕೆ ತರಬೇಕು. ಪೆನ್‌ಡ್ರೈವ್ ಹಾಕಿಯೇ ಬಯೋಸ್ ಪ್ರವೇಶಿಸಿದರೆ ಮಾತ್ರ ಅದರ ಹೆಸರು ಕಾಣುತ್ತದೆ. ಹಲವು ಈ-ಪಿಸಿಗಳಲ್ಲಿರುವ ಬೂಟ್ ಬೂಸ್ಟರ್ ಎಂಬ ಸೌಲಭ್ಯವು ತಪಾಸಣೆಯ ಫಲಿತಾಂಶವನ್ನು ಡಿಸ್ಕಿನ ಒಂದು ಸಣ್ಣ ಭಾಗದಲ್ಲಿ ಉಳಿಸಿಟ್ಟು ಮುಂದಿನ ಸಲ ತಪಾಸಣೆಯನ್ನೇ ಹಾರಿಸುತ್ತದೆ. ಅದನ್ನು ನಿಲ್ಲಿಸದೆ ಕೀಲಿ ಒತ್ತಲು ಸಮಯ ಸಿಗುವುದು ಕಷ್ಟ.

ಬದಲಿಸಿ ಉಳಿಸಿದ ಕ್ರಮ ಮರುದಿನ ಮತ್ತೆ ಹಳೆಯದಕ್ಕೇ ಮರಳಿದ್ದರೆ, ಗಡಿಯಾರವೂ ಹತ್ತಾರು ವರ್ಷ ಹಿಂದಿನ ದಿನಾಂಕ ತೋರಿಸುತ್ತಿದ್ದರೆ, ಒಳಗಿನ ಮೂರು ವೋಲ್ಟಿನ ಗುಂಡಿಬ್ಯಾಟರಿ ಮುಗಿದಿದೆ ಎಂದು ತಿಳಿಯಬಹುದು. ವರ್ಷಗಟ್ಟಲೆ ಚಾರ್ಜ್ ಮಾಡದೆ ಇಟ್ಟ ನೆಟ್‌ಬುಕ್‌ಗಳಲ್ಲಿ ಇದು ಆಗುವಂಥದ್ದೇ. ಇದರಿಂದ ಮುಂದೆಯೂ ತೊಡಕಿದೆ: ತಪ್ಪು ದಿನಾಂಕದ ಯಂತ್ರವು ಇಂಟರ್ನೆಟ್ಟಿನ ಸುರಕ್ಷತಾ ಪ್ರಮಾಣಪತ್ರಗಳನ್ನು ಒಪ್ಪುವುದಿಲ್ಲ, ಲಿನಕ್ಸ್ ಅನುಸ್ಥಾಪನೆ ನಡುವೆಯೇ ನಿಲ್ಲಬಹುದು.

ಎರಡನೆಯ ತಡೆ ಪ್ರೊಸೆಸರಿನದು. 2008ರಲ್ಲಿ ಬಂದು ಅಸಂಖ್ಯ ನೆಟ್‌ಬುಕ್‌ಗಳಲ್ಲಿ ಸೇರಿದ ಆಟಮ್ ಎನ್270, 1.6 ಗಿಗಾಹರ್ಟ್ಸ್ ವೇಗದ 32 ಬಿಟ್ ಪ್ರೊಸೆಸರ್. 2010ರ ಎನ್450ರಿಂದ ಮುಂದೆ 64 ಬಿಟ್ ಬಂತು. ಹಳೆಯದಕ್ಕೆ 64 ಬಿಟ್ ಲಿನಕ್ಸ್ ಹಾಕಿದರೆ ಮೆನು ಸೊಗಸಾಗಿ ಬರುತ್ತದೆ, ಆಯ್ದುಕೊಂಡ ಕೂಡಲೇ ಈ ಕರ್ನಲ್‌ಗೆ (ಲಿನಕ್ಸಿನ ತಿರುಳಿಗೆ) ಎಕ್ಸ್86-64 ಸಿಪಿಯು ಬೇಕು, ಸಿಕ್ಕಿರುವುದು ಐ686 ಎಂಬ ಅರ್ಥದ ಇಂಗ್ಲಿಷ್ ಸಾಲು ಮೂಡಿ ಎಲ್ಲವೂ ನಿಲ್ಲುತ್ತದೆ. ಇದು ಕೆಟ್ಟುಹೋದ ಲಕ್ಷಣವಲ್ಲ, ತಪ್ಪು ಕಡತ ಇಳಿಸಿದ ಲಕ್ಷಣ. ಲಿನಕ್ಸಿನ ಹಲವು ರೂಪಗಳಲ್ಲಿ ಒಂದಾದ ಉಬುಂಟು 2017ರ 17.10 ಆವೃತ್ತಿಯಿಂದಲೇ 32 ಬಿಟ್ ಡೆಸ್ಕ್‌ಟಾಪ್ ಕಡತವನ್ನು ಕೈಬಿಟ್ಟಿತು. ಇನ್ನೊಂದು ರೂಪವಾದ ಡೆಬಿಯನ್‌ನ, 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಲ್ಲಿ 32 ಬಿಟ್ ಅನುಸ್ಥಾಪಕವಿದೆ. 2025ರ ಆಗಸ್ಟ್‌ನ ಡೆಬಿಯನ್ 13ರಲ್ಲಿ ಇಲ್ಲ. ಎನ್270 ಇರುವವರು ಡೆಬಿಯನ್ 12 ಅಥವಾ ಅದರ ಮೇಲೆ ಕಟ್ಟಿದ ಆಂಟಿಎಕ್ಸ್‌ನ 32 ಬಿಟ್ ಆವೃತ್ತಿ ಆರಿಸಿಕೊಳ್ಳುವುದು ನನ್ನ ಸಲಹೆ.

ಇನ್ನು ಬಹಳ ಜನರನ್ನು ಗೊಂದಲಕ್ಕೆ ನೂಕುವ ಹಂತ. ಮೆನು ಬಂದಿದೆ, ಸಾಲುಗಳು ಸರಸರನೆ ಹರಿದಿವೆ, ಆಮೇಲೆ ಲೈವ್ ಕಡತವ್ಯವಸ್ಥೆ (ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸಿನ ಕಡತಗಳು) ಇರುವ ಮಾಧ್ಯಮ ಸಿಗುತ್ತಿಲ್ಲ ಎಂದು ಹೇಳಿ ಇನಿಟ್‌ರಾಮ್‌ಎಫ್ಎಸ್ ಎಂಬ ಸಾಲಿನಲ್ಲಿ ನಿಂತಿದೆ. ಪೆನ್‌ಡ್ರೈವ್‌ನಿಂದಲೇ ಇಷ್ಟೆಲ್ಲ ಬಂದಿರುವಾಗ ಅದೇ ಪೆನ್‌ಡ್ರೈವ್ ಕಾಣುವುದಿಲ್ಲವೆಂದರೆ ಹೇಗೆ? ಉತ್ತರವೆಂದರೆ, ಪೆನ್‌ಡ್ರೈವನ್ನು ಓದುವವರು ಇಬ್ಬರು. ಮೆನು ಮತ್ತು ಕರ್ನಲ್ ಮೆಮೊರಿಗೆ ಬರುವವರೆಗೆ ಓದಿಕೊಟ್ಟದ್ದು ಬಯೋಸ್. ಕರ್ನಲ್ ಎದ್ದ ಮೇಲೆ ಬಯೋಸ್‌ನ ನೆರವನ್ನು ಬಿಟ್ಟು, ತನ್ನದೇ ಡ್ರೈವರ್ ಬಳಸಿ ಯುಎಸ್‌ಬಿಯನ್ನು ಹೊಸದಾಗಿ ಎಚ್ಚರಿಸಿ, ಹೆಚ್ಚಿನ ವೇಗದಲ್ಲಿ ಮಾತನಾಡಲು ನೋಡುತ್ತದೆ. ಬಯೋಸ್‌ಗೆ ಸಾಕಾಗಿದ್ದ ಸಡಿಲ ಸಂಪರ್ಕ ಇಲ್ಲಿ ಸಾಕಾಗದೆ ಹೋಗಬಹುದು. ಗೋಣಿಕೊಪ್ಪದ ಹತ್ತಿರದ ತೋಟದ ಮನೆಯೊಂದರ ನೆಟ್‌ಬುಕ್‌ನಲ್ಲಿ ಹೀಗೆಯೇ ಆಗಿತ್ತು. ಎಡಬದಿಯ ಪೋರ್ಟಿನೊಳಗೆ ಟಾರ್ಚ್ ಹಿಡಿದು ನೋಡಿದರೆ ನಾಲ್ಕು ಲೋಹದ ಪಟ್ಟಿಗಳಲ್ಲಿ ನಡುವಿನ ಎರಡು ಮಂಕಾಗಿ ಕಪ್ಪೇರಿದ್ದವು. ಆ ಎರಡೇ ದತ್ತಾಂಶ ಹರಿಯುವ ಪಟ್ಟಿಗಳು, ಹೊರಗಿನ ಎರಡು ವಿದ್ಯುತ್ತಿನವು. ಪೆನ್‌ಡ್ರೈವ್‌ನ ದೀಪ ಬೆಳಗುತ್ತಿದ್ದೂ ಓದು ಕಡಿದುಹೋಗುತ್ತಿದ್ದುದಕ್ಕೆ ಕಾರಣ ಅದು. ಬಲಬದಿಯ ಪೋರ್ಟಿಗೆ ಹಾಕಿದಾಗ ಲಿನಕ್ಸ್ ಸರಾಗವಾಗಿ ಎದ್ದಿತು. ಚಿನ್ನದ ತೆಳುಲೇಪ ಸವೆದ ಜಾಗಕ್ಕೆ ಮಳೆಗಾಲದ ತೇವ ತಗುಲಿದರೆ ಹೀಗಾಗುವುದುಂಟು. ಯಂತ್ರವನ್ನು ಆಫ್ ಮಾಡಿ, ಬ್ಯಾಟರಿ ಕಳಚಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಕಡ್ಡಿಯಿಂದ ಒರೆಸಿ ಚೆನ್ನಾಗಿ ಒಣಗಲು ಬಿಟ್ಟರೆ ಪೋರ್ಟ್ ಎಷ್ಟೋ ಸಲ ಸರಿಹೋಗುತ್ತದೆ.

ಇದೇ ಹಂತದಲ್ಲಿ ಕೈಕೊಡುವ ಇನ್ನೊಂದು ವಸ್ತು ನಕಲಿ ಪೆನ್‌ಡ್ರೈವ್. ಮೇಲೆ 64 ಜಿಬಿ ಎಂದು ಅಚ್ಚಾಗಿದ್ದು, ಒಳಗಿನ ನಿಯಂತ್ರಕ ಚಿಪ್ಪೂ ಹಾಗೆಯೇ ಸುಳ್ಳು ಹೇಳುತ್ತಿದ್ದು, ನಿಜವಾದ ಜಾಗ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ. ಆ ಮಿತಿ ದಾಟಿ ಬರೆದದ್ದೆಲ್ಲ ಹಾಳು. ಎಫ್3 ಎಂಬ ಉಚಿತ ತಂತ್ರಾಂಶವು ಪೂರ್ತಿ ಜಾಗವನ್ನು ತುಂಬಿಸಿ ಮರಳಿ ಓದಿ ಈ ಮೋಸವನ್ನು ಬಯಲು ಮಾಡುತ್ತದೆ.

ಎಲ್ಲವೂ ಓಡಿ ಕೊನೆಗೆ ಪರದೆ ಕಪ್ಪಾದರೆ ಗ್ರಾಫಿಕ್ಸ್ ಕಡೆ ನೋಡಬೇಕು. ಎನ್270ರ ಜೊತೆಗಿರುವ ಇಂಟೆಲ್‌ನ ಜಿಎಂಎ 950 ಗ್ರಾಫಿಕ್ಸ್ ಲಿನಕ್ಸಿನೊಂದಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಜಿಎಂಎ 500 ಮತ್ತು 3600 ಹೊರಗಿನ ಸಂಸ್ಥೆಯ ವಿನ್ಯಾಸವಾದ್ದರಿಂದ ಸದಾ ತೊಂದರೆ ಕೊಟ್ಟಿವೆ. ಬೂಟ್ ಮೆನುವಿನಲ್ಲಿ ಕರ್ನಲ್ ಸಾಲಿನ ಕೊನೆಗೆ ನೋಮೋಡ್‌ಸೆಟ್ (nomodeset) ಎಂಬ ಪದವನ್ನು ಇಂಗ್ಲಿಷಿನಲ್ಲಿ ಸೇರಿಸಿದರೆ ಸರಳ ಚಿತ್ರವಾದರೂ ಮೂಡುತ್ತದೆ.

ಲಿನಕ್ಸ್ ಎದ್ದು, ವೈಫೈ, ಧ್ವನಿ, ಕನ್ನಡದ ಅಕ್ಷರಗಳು ಸರಿಯಿವೆಯೆಂದು ಕಂಡ ಮೇಲೆ ಅನುಸ್ಥಾಪನೆಗೆ ಹೋಗುವಾಗ ಇನ್ನೊಂದು ಎಚ್ಚರ ಬೇಕು. ಬೂಟ್ ಕ್ರಮದಲ್ಲಿ ಪೆನ್‌ಡ್ರೈವನ್ನು ಮೇಲಕ್ಕೆ ತಂದಿರುವುದರಿಂದ ಕೆಲವು ಯಂತ್ರಗಳಲ್ಲಿ ಅದೇ ಮೊದಲ ಡಿಸ್ಕ್ ಎಂದು ಲೆಕ್ಕಕ್ಕೆ ಬರುತ್ತದೆ, ಮತ್ತು ಲಿನಕ್ಸನ್ನು ಎಬ್ಬಿಸುವ ಬೂಟ್ ಲೋಡರ್ ಗ್ರಬ್ ಅನ್ನು ಎಲ್ಲಿ ಬರೆಯಲಿ ಎಂದು ಕೇಳುವ ಜಾಗದಲ್ಲಿ ಪೆನ್‌ಡ್ರೈವ್‌ನ ಹೆಸರೇ ಮೊದಲಿರುತ್ತದೆ. ಅದನ್ನೇ ಒಪ್ಪಿಕೊಂಡರೆ ಪೆನ್‌ಡ್ರೈವ್ ತೆಗೆದ ಕೂಡಲೇ ನೆಟ್‌ಬುಕ್ ಏಳುವುದಿಲ್ಲ. ಗಾತ್ರ ನೋಡಿ, ಉದಾಹರಣೆಗೆ 160 ಜಿಬಿ ಎಂದಿರುವ ಒಳಗಿನ ಡಿಸ್ಕನ್ನೇ ಆರಿಸಿ ಗ್ರಬ್ ಬರೆಸಬೇಕು; ಮುಗಿದ ಮೇಲೆ ಬಯೋಸ್‌ಗೆ ಹೋಗಿ ಅದೇ ಡಿಸ್ಕನ್ನು ಪಟ್ಟಿಯ ಮೊದಲಿಗೆ ತಂದು ಉಳಿಸಬೇಕು.