ತುಂಡಾದ ಕ್ರ್ಯಾಂಕ್ ಮತ್ತು ಅಜ್ಜಿಯ ಕಾವಲಿ

ಶಿರಸಿಯ ನಮ್ಮನೆಯಲ್ಲಿ ಅಜ್ಜಿಯ ಕಾಲದ ಬೀಡಿನ (ಎರಕದ ಕಬ್ಬಿಣದ) ಕಾವಲಿ ಇತ್ತು. ಎಷ್ಟೋ ವರ್ಷ ತೆಳ್ಳೇವು ಎರೆದ ಕಾವಲಿ, ಒಂದಿನ ಕೈಜಾರಿ ಕಲ್ಲಿನ ಮೇಲೆ ಬಿದ್ದು ಹಪ್ಪಳದ ಹಾಗೆ ಎರಡು ಹೋಳಾಯಿತು. ಬಗ್ಗಲಿಲ್ಲ, ನೆಗ್ಗಲೂ ಇಲ್ಲ. ಬೀಡು ಅಂದರೆ ಇಷ್ಟೇ ಅಂದುಕೊಂಡಿದ್ದೆ. ಆಮೇಲೆ ಕಾರವಾರದ ಬೈತಖೋಲದಲ್ಲಿ ಬೋಟಿನ ಎಂಜಿನ್ ಬಿಚ್ಚಿದ್ದ ಮೆಕ್ಯಾನಿಕ್ ಒಬ್ಬರು ತುಂಡಾದ ಕ್ರ್ಯಾಂಕ್ (ಪಿಸ್ಟನ್‌ನ ಓಡಾಟವನ್ನು ಸುತ್ತಾಗಿಸುವ ದಂಡ) ತೋರಿಸಿ "ಇದೂ ಬೀಡೇ, ಎಸ್‌ಜಿ ಐರನ್" ಅಂದರು.

ಎರಡರಲ್ಲೂ ಇಂಗಾಲ ನೂರಕ್ಕೆ 3–4 ಪಾಲು, ಅದರಲ್ಲಿ ಹೆಚ್ಚಿನದು ಗ್ರ್ಯಾಫೈಟ್ ಆಗಿ ಕೂತಿರುತ್ತದೆ. ಹಳೇ ಬೀಡಿನಲ್ಲಿ ಅದು ಚಕ್ಕೆ ಚಕ್ಕೆ. ಚಕ್ಕೆಯ ತುದಿ ಚೂಪು, ಹಾಗಾಗಿ ಹುಟ್ಟುವಾಗಲೇ ಒಳಗೆಲ್ಲ ಬಿರುಕು ಇದ್ದಂತೆ. 1943ರಲ್ಲಿ ಲೋಹತಜ್ಞ ಕೀತ್ ಮಿಲ್ಲಿಸ್ ಕರಗಿದ ಬೀಡಿಗೆ ಮೆಗ್ನೀಷಿಯಂ ಸೇರಿಸಿ ನೋಡಿದರು. ಗ್ರ್ಯಾಫೈಟ್ ಉಂಡೆ ಕಟ್ಟಿತು! ಚೂಪು ತುದಿ ಇಲ್ಲದ ಈ ಬೀಡೇ ಎಸ್‌ಜಿ (ಸ್ಫೆರಾಯ್ಡಲ್ ಗ್ರ್ಯಾಫೈಟ್, ಉಂಡೆ ಗ್ರ್ಯಾಫೈಟ್) ಐರನ್. ಮೆಗ್ನೀಷಿಯಂ ನೂರಕ್ಕೆ 0.04ರಷ್ಟು ಉಳಿದರೂ ಸಾಕು.

ಹಾಗಾದರೆ ಕ್ರ್ಯಾಂಕ್ ತುಂಡಾಗಿದ್ದು ಹೇಗೆ? ದಣಿದು. ನಿಮಿಷಕ್ಕೆ 1500 ಸುತ್ತು ಅಂದರೆ ತಾಸಿಗೆ 90,000 ಸಲ ತಿರುಗಬೇಕು, ಒಂದೊಂದು ಸಲಕ್ಕೆ ಬಿರುಕು ಕಣ್ಣಿಗೆ ಕಾಣದಷ್ಟು ಮುಂದೆ ಹೋದರೂ ಲೆಕ್ಕ ದೊಡ್ಡದೇ ಅಲ್ವಾ? 1963ರಲ್ಲಿ ಪ್ಯಾರಿಸ್ ಮತ್ತು ಎರ್ಡೊಗಾನ್ ಇದಕ್ಕೊಂದು ಸೂತ್ರ ಕೊಟ್ಟರು. (ಪ್ಯಾರಿಸ್ ಇಲ್ಲಿ ಊರಲ್ಲ, ಮನುಷ್ಯನ ಹೆಸರು.) ಅದರ ಪ್ರಕಾರ ಬಿರುಕಿನ ತುದಿಯ ಎಳೆತ ಎರಡು ಪಟ್ಟಾದರೆ ಬಿರುಕಿನ ವೇಗ ಎರಡು ಪಟ್ಟಲ್ಲ, ಸುಮಾರು 8ರಿಂದ 16 ಪಟ್ಟು ಜಾಸ್ತಿಯಾಗುತ್ತದೆ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಲೋಹ ಗಟ್ಟಿಜೀವ ಅಂದಮಾತ್ರಕ್ಕೆ ಬಿರುಕು ನಿಲ್ಲುವುದಿಲ್ಲ. ಎಷ್ಟುದ್ದದ ಬಿರುಕು ಹೊತ್ತೂ ಬದುಕಬಲ್ಲದು ಎನ್ನುವುದನ್ನು ಅದರ ಒಡೆತ ತಾಳುವ ಗುಣ ಹೇಳುತ್ತದೆ, ಅಷ್ಟೇ. ಆ ಗುಣ ಮೂರು ಪಟ್ಟಾದರೆ, ಅದೇ ಭಾರದಲ್ಲಿ, ಒಂಬತ್ತು ಪಟ್ಟು ಉದ್ದದ ಬಿರುಕಿನ ತನಕ ತಾಳುತ್ತದೆ.

ಮೆಕ್ಯಾನಿಕ್ ಕ್ರ್ಯಾಂಕ್ ಮುರಿದ ಜಾಗವನ್ನು ಒರೆಸಿ ತೋರಿಸಿದರು. ಮುಕ್ಕಾಲು ಭಾಗ ನುಣುಪು, ಬಿರುಕು ಮೆಲ್ಲಗೆ ಬೆಳೆದ ಜಾಗ; ಅದರಲ್ಲಿ ನೀರು ಇಳಿಯುವಾಗ ಅಲೆ ಮರಳಿನ ಮೇಲೆ ಬಿಟ್ಟುಹೋಗುವಂಥ ಬಾಗಿದ ಗೆರೆ. ಉಕ್ಕಿನಲ್ಲಿ ಈ ಗೆರೆ ಇನ್ನೂ ಸ್ಪಷ್ಟ, ಬೀಡಿನಲ್ಲಿ ಬೆಳಕಿಗೆ ಓರೆ ಹಿಡಿದು ನೋಡಬೇಕು. ಉಳಿದ ಕಾಲುಭಾಗ ಒರಟು, ಕೊನೆಗೆ ಒಂದೇ ಏಟಿಗೆ ಹರಿದದ್ದು.

"ಶುರುವಾಗಿದ್ದು ಎಲ್ಲಿ ನೋಡಿ" ಅಂದರು. ಗೆರೆಗಳೆಲ್ಲ ಹಿಂದೆ ಹೋಗಿ ಒಂದು ಮೂಲೆಗೆ ಸೇರುತ್ತಿದ್ದವು. ಹಿಂದೊಮ್ಮೆ ಕ್ರ್ಯಾಂಕ್ ಗ್ರೈಂಡ್ ಮಾಡಿಸಿದಾಗ ಅಲ್ಲಿ ಇರಬೇಕಾದ ಗುಂಡನೆಯ ತಿರುವನ್ನು ಯಾರೋ ಚೂಪಾಗಿ ಸವೆಸಿಬಿಟ್ಟಿದ್ದರು.