ಫ್ಯಾನಿಗಿಂತ ಮೊದಲು ರಸ್ತೆಯನ್ನು ನೋಡಿ

ಕನಕಪುರ ರಸ್ತೆಯ ಅಪಾರ್ಟ್‌ಮೆಂಟ್ ಸಂಘವೊಂದರ ಪದಾಧಿಕಾರಿಗಳು ಕಳೆದ ಆಷಾಢದಲ್ಲಿ ನನ್ನನ್ನು ತಮ್ಮ ತಾರಸಿಗೆ ಕರೆದೊಯ್ದರು. ಹಗ್ಗದ ಮೇಲೆ ಒಣಹಾಕಿದ್ದ ಪಂಚೆಯೊಂದು ಪಟಪಟನೆ ಬಡಿದುಕೊಳ್ಳುತ್ತಿತ್ತು. “ಇಷ್ಟೊಂದು ಗಾಳಿ ಸುಮ್ಮನೆ ಹೋಗ್ತಿದೆಯಲ್ಲ ಸಾರ್, ನಾಲ್ಕು ಸಣ್ಣ ಗಾಳಿ ಫ್ಯಾನ್ ಹಾಕಿಸಿದರೆ ಲಿಫ್ಟಿನ ಕರೆಂಟಿಗಾದರೂ ಆಗಲ್ವಾ?” ಎಂದು ಕಾರ್ಯದರ್ಶಿಗಳು ಕೇಳಿದರು. ಇಪ್ಪತ್ತು ವರ್ಷಗಳಿಂದ ಪವನ ವಿದ್ಯುತ್ ಯೋಜನೆಗಳ ಪರಿಸರ ಸಮೀಕ್ಷೆ ಮಾಡುತ್ತಿರುವ ನನಗೆ ಬೆಂಗಳೂರಿನಲ್ಲಿ ಅತಿ ಹೆಚ್ಚು ಎದುರಾಗುವ ಪ್ರಶ್ನೆ ಇದೇ.

ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ, ಅರ್ಧವಾದರೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಎರಡು ಮೀಟರ್ ವ್ಯಾಸದ ಯಂತ್ರವೊಂದು ಸೆಕೆಂಡಿಗೆ 3 ಮೀಟರ್ ವೇಗದ ಗಾಳಿಯಲ್ಲಿ ಕೊಡುವುದು ಹೆಚ್ಚೆಂದರೆ 13 ವಾಟ್, ಅಂದರೆ ಒಂದೂವರೆ ಎಲ್‌ಇಡಿ ಬಲ್ಬ್. ಯಾವ ಯಂತ್ರವೂ ಗಾಳಿಯ ಶಕ್ತಿಯಲ್ಲಿ ಶೇ. 59.3ಕ್ಕಿಂತ ಹೆಚ್ಚನ್ನು ಹೀರಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ ನೂರು ವರ್ಷಗಳ ಹಿಂದೆಯೇ ತೋರಿಸಿದ್ದಾರೆ. ತಾರಸಿಯ ಯಂತ್ರ ಅದರ ಅರ್ಧದಷ್ಟು ಪಡೆದರೆ ದೊಡ್ಡ ಮಾತು. ಮೇಲಾಗಿ ಅಕ್ಕಪಕ್ಕದ ಕಟ್ಟಡಗಳಿಗೆ, ನೀರಿನ ಟ್ಯಾಂಕಿಗೆ ಬಡಿದು ಸುಳಿಸುತ್ತಿ ಬರುವ ಗಾಳಿ ರೆಕ್ಕೆಯನ್ನು ತಿರುಗಿಸುವುದಕ್ಕಿಂತ ಹೆಚ್ಚಾಗಿ ಅದರ ಬೇರಿಂಗನ್ನು ಸವೆಸುತ್ತದೆ. ತಾರಸಿಗೆ ಸೌರ ಫಲಕವೇ ಸರಿ ಎಂದು ಹೇಳಿ ಕೆಳಗಿಳಿದೆ.

ಆದರೆ ಆ ಅಪಾರ್ಟ್‌ಮೆಂಟಿಗೆ ಪವನ ವಿದ್ಯುತ್ ಬರಬಾರದೆಂದೇನಿಲ್ಲ. 100 ಕಿಲೋವಾಟ್ ಅಥವಾ ಅದಕ್ಕೂ ಹೆಚ್ಚಿನ ಬೇಡಿಕೆಯಿರುವ ಗ್ರಾಹಕರು ‘ಮುಕ್ತ ಪ್ರವೇಶ’ದ ಮೂಲಕ, ಅಂದರೆ ಇರುವ ವಿದ್ಯುತ್ ಜಾಲವನ್ನೇ ಬಳಸಿ, ಹಸಿರು ವಿದ್ಯುತ್ತನ್ನು ತಮಗೆ ಬೇಕಾದ ಉತ್ಪಾದಕರಿಂದ ನೇರವಾಗಿ ಖರೀದಿಸಲು ಕೇಂದ್ರ ಸರ್ಕಾರದ 2022ರ ನಿಯಮ ಅವಕಾಶ ಕೊಟ್ಟಿದೆ. ಆ ಕರೆಂಟು ಹುಟ್ಟುವುದು ಚಿತ್ರದುರ್ಗ, ಗದಗ, ಕೊಪ್ಪಳ, ವಿಜಯಪುರದ ಕಡೆ. ಬೆಂಗಳೂರಿನವರಿಗೆ ಅದರ ಲಾಭ ಬಿಲ್ಲಿನಲ್ಲಿ ಕಾಣುತ್ತದೆ, ನಷ್ಟ ಕಾಣುವುದಿಲ್ಲ.

ಲಾಭವನ್ನು ಕಡಿಮೆಯೆಂದು ಎಣಿಸಬಾರದು. ವರ್ಷದ ಸರಾಸರಿಯಲ್ಲಿ ಶೇ. 30ರ ಸಾಮರ್ಥ್ಯದಲ್ಲಿ ಓಡುವ 3 ಮೆಗಾವಾಟ್‌ನ ಒಂದು ಯಂತ್ರ ಸುಮಾರು 78 ಲಕ್ಷ ಯೂನಿಟ್ ಉತ್ಪಾದಿಸುತ್ತದೆ. ತಯಾರಿಕೆಯಿಂದ ಹಿಡಿದು ಕಳಚುವವರೆಗಿನ ಎಲ್ಲವನ್ನೂ ಸೇರಿಸಿದರೂ ನೆಲದ ಮೇಲಿನ ಪವನ ವಿದ್ಯುತ್ತಿನ ಇಂಗಾಲದ ಹೊರೆ ಯೂನಿಟ್ಟಿಗೆ 11 ಗ್ರಾಂ ಆಸುಪಾಸಿನಲ್ಲಿದ್ದರೆ, ಕಲ್ಲಿದ್ದಲಿನದು 820 ಗ್ರಾಂ ಎಂಬುದು ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ 2014ರಲ್ಲಿ ಕೊಟ್ಟ ಮಧ್ಯಮ ಅಂದಾಜು. ನೀರಿನ ಲೆಕ್ಕ ನಮ್ಮವರಿಗೆ ಇನ್ನೂ ಬೇಗ ಅರ್ಥವಾದೀತು. ಹಳೆಯ ಶಾಖೋತ್ಪನ್ನ ಸ್ಥಾವರಗಳಿಗೆ 2015ರ ಅಧಿಸೂಚನೆ ಹಾಕಿದ ಮಿತಿಯೇ ಯೂನಿಟ್ಟಿಗೆ ಮೂರೂವರೆ ಲೀಟರ್. ಆ ಮಿತಿಯನ್ನೇ ಹಿಡಿದರೂ ಒಂದು ಗಾಳಿಯಂತ್ರ ವರ್ಷಕ್ಕೆ ಎರಡೂಮುಕ್ಕಾಲು ಕೋಟಿ ಲೀಟರ್ ಉಳಿಸುತ್ತದೆ. ಅದು 6,000 ಲೀಟರಿನ ಸುಮಾರು 4,600 ಟ್ಯಾಂಕರು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಗೇಟಿನ ಬಳಿ ಕಾದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಇನ್ನು ನಷ್ಟದ ಮಾತು. ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದ ಕಡೆಯ ಗುಡ್ಡವೊಂದಕ್ಕೆ, ಯಂತ್ರಗಳನ್ನು ನಿಲ್ಲಿಸಿ ಒಂದು ಮಳೆಗಾಲ ಕಳೆದ ಮೇಲೆ, ಸಮೀಕ್ಷೆಗೆ ಹೋಗಿದ್ದೆ. ಉದ್ದನೆಯ ರೆಕ್ಕೆ ಹೊತ್ತ ಟ್ರೇಲರ್ ತಿರುಗಲೆಂದು ಗುಡ್ಡದ ಪಕ್ಕೆಯನ್ನು ಅಗಲವಾಗಿ ಕಡಿದು, ಕಡಿದ ಮಣ್ಣನ್ನು ಅಲ್ಲಿಯೇ ಇಳಿಜಾರಿಗೆ ನೂಕಿದ್ದರು. ಮೊದಲ ಮಳೆಗೆ ಆ ಮಣ್ಣು ಆಳುದ್ದದ ಕೊರಕಲು ಬಿಟ್ಟು ಇಳಿದು, ಅಡಿಯಲ್ಲಿದ್ದ ಗೋಕಟ್ಟೆಯನ್ನು ಮುಕ್ಕಾಲು ಪಾಲು ತುಂಬಿತ್ತು. ಕಟ್ಟೆಯ ಏರಿಯ ಮೇಲೆ ಕುಳಿತಿದ್ದ ಕುರಿ ಕಾಯುವ ಹಿರಿಯರು ನನ್ನ ಕೈಯಲ್ಲಿದ್ದ ಸದ್ದು ಅಳೆಯುವ ಮೀಟರನ್ನು ನೋಡಿ, “ಫ್ಯಾನು ಏನ್ ಮಾಡ್ತದೆ ಬಿಡಿ ಸ್ವಾಮಿ, ನಮ್ ಕಟ್ಟೆ ನುಂಗಿದ್ದು ಈ ರೋಡು” ಎಂದರು. ನಾನು ಅಳೆಯಲು ಹೋಗಿದ್ದೇ ಬೇರೆ, ಅಲ್ಲಿ ಅಳೆಯಬೇಕಾಗಿದ್ದೇ ಬೇರೆ.

ಇದನ್ನು ಯಾರೂ ಮೊದಲೇ ಏಕೆ ಕೇಳಲಿಲ್ಲ? ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲವೇ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಅದನ್ನು ಮಾಲಿನ್ಯವೇ ಇಲ್ಲದ ‘ಬಿಳಿ’ ವರ್ಗಕ್ಕೆ ಸೇರಿಸಿತು. ಅರಣ್ಯ ಭೂಮಿಯಾದರೆ ಪ್ರತ್ಯೇಕ ಅನುಮತಿ ಬೇಕು, ಮನೆಗಳಿಂದ 500 ಮೀಟರ್ ದೂರವಿರಬೇಕೆಂದು 2016ರ ಮಾರ್ಗಸೂಚಿಯೂ ಹೇಳುತ್ತದೆ. ಕಂದಾಯ ಭೂಮಿಯ ಗುಡ್ಡದಲ್ಲಿ ರಸ್ತೆ ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆಂದು ಕೇಳುವ ಕಡ್ಡಾಯ ಪರಿಸರ ಅಂದಾಜು ಮಾತ್ರ ಇಲ್ಲ. ಹೊಗೆ ಬಾರದ್ದರಿಂದ ಹಾನಿಯೂ ಇಲ್ಲವೆಂದು ತಿಳಿದದ್ದೇ ಈ ತಪ್ಪಿನ ಬೇರು ಎಂದು ನನ್ನ ಅಭಿಪ್ರಾಯ.

ಹಕ್ಕಿಗಳ ವಿಷಯದಲ್ಲಿಯೂ ನಮ್ಮ ಕಣ್ಣು ಯಂತ್ರದ ರೆಕ್ಕೆಯ ಮೇಲೆಯೇ ನೆಟ್ಟಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಕಲಿಸಿತು. ಯಂತ್ರಗಳಿರುವ ಕಡೆ ಬೇಟೆ ಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆಯಿದ್ದವು. ಅವುಗಳ ಭಯವಿಲ್ಲದೆ ಅಲ್ಲಿಯ ಬಣ್ಣದ ಗಂಟಲಿನ ಹಲ್ಲಿಗಳು ಹೆಚ್ಚಿದ್ದವು, ಮನುಷ್ಯ ಹತ್ತಿರ ಹೋದರೂ ಬೇಗ ಓಡುತ್ತಿರಲಿಲ್ಲ. ಒಂದು ಹದ್ದೂ ಸತ್ತು ಬೀಳದೆ, ಹದ್ದುಗಳು ಆ ಜಾಗವನ್ನು ಬಿಟ್ಟುಹೋದ ಮಾತ್ರಕ್ಕೆ ಒಂದು ಬಯಲಿನ ಬದುಕು ಬದಲಾಗಬಹುದು. ಯಂತ್ರದಡಿ ಸತ್ತ ಹಕ್ಕಿಗಳನ್ನು ಎಣಿಸಿ ವರದಿ ಬರೆಯುವ ನಮ್ಮ ವೃತ್ತಿಯವರು ಈ ಬಗೆಯ ನಷ್ಟವನ್ನು ದಾಖಲಿಸುವುದೇ ಅಪರೂಪ.

ಯಂತ್ರಗಳಿಂದ ಕರೆಂಟು ಒಯ್ಯುವ ತಂತಿಯ ಕಥೆ ಇನ್ನೂ ಕಠೋರವಾದದ್ದು. ನಮ್ಮ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಭಾರವಾದ ಹಕ್ಕಿ; ಅದರ ಕಣ್ಣುಗಳು ತಲೆಯ ಪಕ್ಕದಲ್ಲಿರುವುದರಿಂದ ಎದುರಿನ ತಂತಿ ಕಾಣುವುದು ಕಡಿಮೆ, ಕಂಡಾಗ ಹೊರಳಲು ಸಮಯವಿರುವುದಿಲ್ಲ. ರಾಜಸ್ಥಾನ ಮತ್ತು ಗುಜರಾತಿನ ಅದರ ನೆಲೆಗಳಲ್ಲಿ ತಂತಿಗಳನ್ನು ನೆಲದಡಿಗೆ ಒಯ್ಯುವಂತೆ 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿ, 2024ರಲ್ಲಿ ಅದನ್ನು ಸಡಿಲಿಸಿತು. ಹಕ್ಕಿಗಳು ಯಂತ್ರದ ರೆಕ್ಕೆಗೆ ಬಡಿಯುವುದನ್ನು ತಡೆಯಲು ಸರಳ ದಾರಿಗಳೂ ಇವೆ: ನಾರ್ವೆಯ ಸ್ಮೋಲಾ ದ್ವೀಪದಲ್ಲಿ ಯಂತ್ರದ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದಾಗ ಹಕ್ಕಿಗಳ ಸಾವು ಸುಮಾರು ಶೇ. 70ರಷ್ಟು ತಗ್ಗಿತು. ಬಣ್ಣ ಬಳಿದದ್ದು ನಾಲ್ಕೇ ಯಂತ್ರಗಳಿಗೆ ಎಂಬುದನ್ನೂ ನೆನಪಿಡಬೇಕು.

ನನ್ನ ಮಟ್ಟಿಗೆ ಹೆಚ್ಚಿನ ಭರವಸೆಯಿರುವುದು ಹಳೆಯ ಯಂತ್ರಗಳ ಬದಲಾವಣೆಯಲ್ಲಿ. ಒಳ್ಳೆಯ ಗಾಳಿಯಿರುವ ನಮ್ಮ ಗುಡ್ಡಗಳ ಮೇಲೆ 225, 250 ಕಿಲೋವಾಟ್‌ನ ಹಳೆಯ ಯಂತ್ರಗಳು ಇಂದಿಗೂ ಕುಳಿತಿವೆ. ಅಂಥ ಹನ್ನೆರಡರ ಕೆಲಸವನ್ನು ಹೊಸದೊಂದು ಮಾಡುತ್ತದೆ. 2023ರ ಕೇಂದ್ರ ನೀತಿ ಇದಕ್ಕೆ ದಾರಿ ತೆರೆದಿದೆ. ಕಳಚಿದ ಉಕ್ಕು, ತಾಮ್ರ ಗುಜರಿಗೆ ಸಲೀಸಾಗಿ ಹೋಗುತ್ತವೆ, ಗಾಜಿನ ನಾರು ಮತ್ತು ರಾಳ ಅಂಟಿಕೊಂಡ ರೆಕ್ಕೆಯನ್ನು ಮಾತ್ರ ಯಾರೂ ಕೊಳ್ಳುವುದಿಲ್ಲ. ಸಿಮೆಂಟ್ ಗೂಡಿನಲ್ಲಿ ಅರೆದು ಸುಡುವುದು ಸದ್ಯಕ್ಕೆ ಇರುವ ದಾರಿ. ಹೊಸದನ್ನು ಗುಡ್ಡದ ಬದಲು ಬಯಲಿಗೆ ತರಬಹುದು, 120 ಮೀಟರ್ ಎತ್ತರದಲ್ಲಿ ಬಯಲಿನಲ್ಲಿಯೂ ಗಾಳಿ ಚೆನ್ನಾಗಿಯೇ ಸಿಗುತ್ತದೆ. ಆದರೆ ಕಡತದಲ್ಲಿ ‘ಬಂಜರು’ ಎಂದು ಬರೆದ ಎಷ್ಟೋ ಹುಲ್ಲುಗಾವಲು ಕೃಷ್ಣಮೃಗದ, ತೋಳದ, ಎರ್ಲಡ್ಡುವಿನ ಮನೆ.

ಕನಕಪುರ ರಸ್ತೆಯ ಸಂಘದವರು ತಾರಸಿಗೆ ಸೌರ ಫಲಕ ಹಾಕಿಸಿ, ಉಳಿದದ್ದಕ್ಕೆ ಪವನ ವಿದ್ಯುತ್ ಖರೀದಿಸಲು ಮಾರಾಟಗಾರರೊಬ್ಬರೊಡನೆ ಮಾತುಕತೆ ನಡೆಸಿದ್ದಾರೆ. ಯಂತ್ರಗಳಿಗೆ ಹೋಗುವ ರಸ್ತೆಯ ನಕ್ಷೆ, ಕಡಿದ ಮಣ್ಣು ಸುರಿದ ಜಾಗ, ತಂತಿ ಸಾಗುವ ದಾರಿ, ಈ ಮೂರನ್ನು ಕೇಳಿ ಎಂದಿದ್ದೆ. ಉತ್ತರವಾಗಿ ಬಂದ ಹೊಳಪು ಕಾಗದದ ಪುಸ್ತಿಕೆಯಲ್ಲಿ ಸೂರ್ಯಾಸ್ತದೆದುರು ನಿಂತ ಫ್ಯಾನುಗಳ ಹನ್ನೊಂದು ಚಿತ್ರಗಳಿದ್ದವು, ನಕ್ಷೆ ಇರಲಿಲ್ಲ. ಕಾರ್ಯದರ್ಶಿಗಳು ಮತ್ತೆ ಬರೆದಿದ್ದಾರೆ.